ಬೀದರಿನಲ್ಲೂ ಒಂದು ಲಾಲ್‌ಬಾಗ್ ಇದೆ, ದೋಸ್ತಾ

ದೋಸ್ತಾ,

ಮೊನ್ನೆ ಫೋನಿನಲ್ಲಿ ‘ಲಾಲ್‌ಬಾಗಿನಲ್ಲಿದ್ದೀನಿ’ ಅಂದದ್ದೇ ತಡ, ‘ಬೆಂಗಳೂರಿಗೆ ಬಂದು ಹೇಳಲೇ ಇಲ್ವಲ್ಲೋ’ ಅಂತ ಬೈಯಲು ಶುರು ಮಾಡಿದೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ನಾನು ಬೆಂಗಳೂರಿಗೆ ಬಂದಿರಲಿಲ್ಲ, ಮಾರಾಯಾ, ಹಾಗೆ ಸಿಟ್ಟಾಗಬೇಡ. ಬೀದರ್ ಕೋಟೆಯೊಳಗಿದ್ದೆ. ಇಲ್ಲೂ ಒಂದು ಲಾಲ್‌ಬಾಗ್ ಇದೆ.

ನಿಮ್ಮದನ್ನು ಹೈದರಾಲಿ 1760ರಲ್ಲಿ ಶುರು ಮಾಡಿಸಿದ. ಇಲ್ಲಿನ ಕೊನೆಯ ಸುಲ್ತಾನರಾದ ಬರೀದ್‌ಶಾಹಿಗಳ ಆಟವೇ 1619ಕ್ಕೆ ಮುಗಿದಿತ್ತು. ಯಾರದು ಹಿರಿಯದು ಅಂತ ನೀನೇ ಲೆಕ್ಕ ಹಾಕು.

ನಾನೂ ಹತ್ತಾರು ಸಲ ಆ ಕೋಟೆಗೆ ಹೋದವನೇ. ಸೋಲಾ ಕಂಬ ಮಸೀದಿ ನೋಡುವುದು, ಮುಂದಿನ ಹುಲ್ಲಿನ ಮೇಲೆ ಕೂತು ಶೇಂಗಾ ತಿನ್ನುವುದು, ಎದ್ದು ಬರುವುದು. ಆ ಹುಲ್ಲೇ ಲಾಲ್‌ಬಾಗ್ ಅಂತ ಗೊತ್ತೇ ಇರಲಿಲ್ಲ! ಮಸೀದಿಯ ಶಾಸನ 1423-24ರದು. ಬಹಮನಿಗಳು ನಮ್ಮ ಕಲಬುರಗಿ ಬಿಟ್ಟು ಬೀದರಿಗೆ ಬಂದ ದಿನಗಳವು. ಪಕ್ಕದಲ್ಲಿ ಅರಸರ ಹಮಾಮ್, ಅಂದರೆ ಸ್ನಾನದ ಮನೆ, ತುಸು ದೂರದಲ್ಲಿ ರಂಗೀನ್ ಮಹಲ್ ಅನ್ನೋ ಅರಮನೆ. ಅಂದು ಅದಕ್ಕೆ ಬೀಗ ಹಾಕಿತ್ತು. ಒಳಗಿನ ಮುತ್ತಿನ ಚಿಪ್ಪಿನ ಕೆಲಸ ನೋಡುವ ಆಸೆ ಹಾಗೇ ಉಳಿಯಿತು. ಬೇರೆ ಕೆಲಸವಿಲ್ಲದೆ ಸುಮ್ನೆ ತೋಟದಲ್ಲಿ ಕೂತೆ. ಒಳ್ಳೆಯದೇ ಆಯಿತು.

ಈಗಿನ ಹುಲ್ಲು, ಕ್ರೋಟನ್ ಗಿಡ ಎಲ್ಲ ಈಚಿನದು. ಅದನ್ನು ನೋಡಬೇಡ. ಕಾಲುವೆ ನೋಡು. ತೋಟದ ನಡುವೆ ಕಲ್ಲಿನ ಕಾಲುವೆ, ಅದಕ್ಕೊಂದು ಕಾರಂಜಿ ಕೊಳ. ಕೊಳದ ಅಂಚು ನೇರ ಇಲ್ಲ, ಹೂವಿನ ಎಸಳಿನ ಹಾಗೆ ಬಾಗಿ ಬಾಗಿ ಹೋಗುತ್ತದೆ. ಕೈಯಾಡಿಸಿದೆ. ಬಿಸಿಲಿಗೆ ಕಾದಿತ್ತು. ಎಸಳು ಎಸಳಿನ ಸಂದಿಯಲ್ಲಿ ಒಣಗಿದ ಎಲೆ, ಒಂದು ಚಾಕಲೇಟ್ ಕಾಗದ. ಪಂಪ್ ಇಲ್ಲದ ಕಾಲದಲ್ಲಿ ಕಾರಂಜಿ ಚಿಮ್ಮಬೇಕಾದರೆ ಮೊದಲು ನೀರನ್ನು ಎತ್ತರದ ತೊಟ್ಟಿಗೆ ಏರಿಸಬೇಕು, ಅಲ್ಲಿಂದ ಕೊಳವೆಯಲ್ಲಿ ಇಳಿಸಬೇಕು, ಅಲ್ವಾ? ನಮ್ಮ ಕಡೆಯ ಬಿಸಿಲಿನಲ್ಲಿ ಇಷ್ಟೆಲ್ಲ ಮಾಡಿ ನೀರನ್ನು ಕುಣಿಸಿದರಲ್ಲ! ದೌಲತ್ತು ಅಂದರೆ ಇದು. ಗಿಡ ಯಾರ ಮನೆಯಲ್ಲಾದರೂ ಇರುತ್ತದೆ.

ಬೀದರಿನ ನೆಲದ ಗುಟ್ಟು ಗೊತ್ತಾ? ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಗಟ್ಟಿ ಕರಿಗಲ್ಲು. ಮಳೆ ನೀರು ತೂತು ತೂತಿನ ಜಂಬಿಟ್ಟಿಗೆಯಲ್ಲಿ ಇಳಿಯುತ್ತದೆ, ಕರಿಗಲ್ಲು ತಾಗಿ ನಿಲ್ಲುತ್ತದೆ, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ಗುರುದ್ವಾರದ ನಾನಕ್ ಝೀರಾ, ನೀನು ಎದೆಮಟ್ಟ ನೀರಿನಲ್ಲಿ ನಡೆಯಲು ಹೆದರಿ ಅರ್ಧಕ್ಕೇ ವಾಪಸ್ ಬಂದ ನರಸಿಂಹ ಝರಣಿಯ ಗುಹೆ ಗುಡಿ, ಎಲ್ಲ ಈ ದಿಬ್ಬದ ನೀರೇ. ನೌಬಾದಿನ ಸುರಂಗ ಬಾವಿ ತೋಡಿದವರು ಈ ಗುಟ್ಟನ್ನೇ ಹಿಡಿದರು. ನೆಲದಡಿಯಲ್ಲಿ ಎರಡು ಕಿಲೋಮೀಟರಿಗೂ ಜಾಸ್ತಿ ಸುರಂಗ, ನಡುನಡುವೆ ಗಾಳಿ ಬೆಳಕಿಗೆ ಬಾವಿಯಂಥ ಕಿಂಡಿ, ಸಣ್ಣ ಇಳಿಜಾರು. ನೀರು ತಾನಾಗೇ ಹರಿಯಬೇಕು. ಪರ್ಷಿಯಾ ಕಡೆಯ ವಿದ್ಯೆ, ನಮ್ಮ ಕೆಂಪು ಕಲ್ಲಿಗೆ ಒಗ್ಗಿಕೊಂಡಿತು.

ಸಂಜೆ ಬರೀದ್‌ಶಾಹಿ ಸುಲ್ತಾನ ಅಲಿ ಬರೀದನ ಗೋರಿಯ ತೋಟಕ್ಕೂ ಹೋದೆ. ಪುಣ್ಯಾತ್ಮ 1577ರಲ್ಲಿ, ಸಾಯುವ ಮೂರು ವರ್ಷ ಮೊದಲೇ, ತನ್ನ ಗೋರಿ ತಾನೇ ಕಟ್ಟಿಸಿಕೊಂಡಿದ್ದ. ನಾಲ್ಕೂ ಕಡೆ ದೊಡ್ಡ ಕಮಾನು, ಬಾಗಿಲೇ ಇಲ್ಲ. ಒಳಗೆ ನಿಂತರೆ ಗಾಳಿ ಈ ಕಡೆಯಿಂದ ಆ ಕಡೆಗೆ ಹಾಯುತ್ತದೆ. ಹೊರಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡ ಕಾಕಾಗಳು ಸುತ್ತು ಹಾಕುತ್ತಿದ್ದರು. ಬೆಳಗ್ಗೆ ನೀನು ಬೆಂಗಳೂರಿನಲ್ಲಿ ಮಾಡುವ ಕೆಲಸವೇ.

ಲಾಲ್‌ಬಾಗಿನದು ಒಂದು ಹೇಳುವುದು ಉಳಿಯಿತು. ನಾನು ಏಳುವ ಹೊತ್ತಿಗೆ ಮಾಲಿ ಗಿಡಗಳಿಗೆ ರಬ್ಬರ್ ಪೈಪಿನಲ್ಲಿ ನೀರು ಬಿಡುತ್ತಿದ್ದ. ಬೀಡಿ ಹಚ್ಚಲು ಪೈಪ್ ಕೆಳಗೆ ಹಾಕಿದ. ನೀರು ಜಾರಿ ಕಾಲುವೆಗೆ ಬಿತ್ತು. ಒಂದು ಮಾರು ಹರಿಯಿತು. ಎಲೆ, ಚಾಕಲೇಟ್ ಕಾಗದ ಎರಡೂ ತೇಲಿದವು. ಎಲ್ಲಿತ್ತೋ, ಒಂದು ಮೈನಾ ಬಂದು ಕೂತು ಕುಡಿಯಿತು. ಅವನು ಬೀಡಿ ಹಚ್ಚಿ ಪೈಪ್ ಎತ್ತಿಕೊಂಡ.

ಡಿಸೆಂಬರಿನಲ್ಲಿ ಬಾ. ಬೆಳಗ್ಗೆ ಬೇಗ ಹೋಗೋಣ. ನೀರಿನ ಬಾಟಲಿ ನೀನೇ ತಾ, ನಾನು ಅವತ್ತು ಮರೆತು ಹೋಗಿ ಆ ಮೈನಾದ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡೆ.

ನಿನ್ನ,
ಕಲಬುರಗಿಯ ದೋಸ್ತ