ಮಗಳಿಗೊಂದು ಪತ್ರ: ಹಳ್ಳಿ ಚರ್ಚಿನ ಚರಿತ್ರೆ ಬರೆಯುವವಳಿಗೆ

ಪ್ರೀತಿಯ ಮಗಳೇ,

ಹಳ್ಳಿಯ ಚರ್ಚಿನ ಚರಿತ್ರೆ ಬರೆಯಲು ನೀನು ಒಪ್ಪಿಕೊಂಡದ್ದು ನನಗೆ ಹೇಳಲಾರದಷ್ಟು ಖುಷಿ. ಕರಡು ಓದಿದೆ. ಕಟ್ಟಡದ ಅಳತೆ ಇದೆ, ಗಂಟೆ ಕೊಡಿಸಿದವರ ಹೆಸರಿದೆ, ಬಂದುಹೋದ ಸಭಾಪಾಲಕರ ಪಟ್ಟಿ ಇದೆ. ಸಭೆಯ ಜನ, ಅಂದರೆ ಚರ್ಚಿಗೆ ಸೇರಿದ ಊರವರು, ಮಾತ್ರ ಕಾಣಲಿಲ್ಲ. ಪಾಲಕರು ವರ್ಗವಾಗಿ ಹೋಗುವವರು. ಸೋರುವ ಮಾಡು ಹೊದಿಸಿದವರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರು. ಅವರನ್ನು ಹುಡುಕು.

ಅವರು ಸಿಗುವುದು ರಿಜಿಸ್ಟರುಗಳಲ್ಲಿ. ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರನ್ನೂ ಬರೆದಿಡಬೇಕೆಂದು ಇಂಗ್ಲೆಂಡಿನಲ್ಲಿ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲೇ ಆಜ್ಞೆ ಹೊರಡಿಸಿದ್ದ. ಕಥೋಲಿಕರಲ್ಲಿ 1563ರಲ್ಲಿ ಟ್ರೆಂಟ್ ಪಟ್ಟಣದಲ್ಲಿ ಸೇರಿದ್ದ ಬಿಷಪರ ಮಹಾಸಭೆ ಮದುವೆಯ ಪುಸ್ತಕ ಇಡಿಸಿತು; ಗುಟ್ಟಾಗಿ ಮದುವೆಯಾಗಿ ಆಮೇಲೆ ಇಲ್ಲವೆನ್ನುವವರನ್ನು ತಡೆಯಬೇಕಿತ್ತು. ಸ್ವೀಡನ್ನಿನ ಪಾದ್ರಿಗಳಂತೂ ಮನೆಮನೆಗೆ ಹೋಗಿ ಆಳುಕಾಳುಗಳಿಂದಲೂ ಓದಿಸಿ, ಯಾರಿಗೆ ಎಷ್ಟು ಬರುತ್ತದೆಂದು ಬರೆದುಕೊಳ್ಳುತ್ತಿದ್ದರು.

ಮದುವೆಯ ಪುಟಗಳನ್ನು ನಿಧಾನವಾಗಿ ತಿರುವು. ಇಂಗ್ಲೆಂಡಿನಲ್ಲಿ 1754ರಿಂದ ಗಂಡು, ಹೆಣ್ಣು, ಇಬ್ಬರು ಸಾಕ್ಷಿಗಳು ಎಲ್ಲರೂ ಸಹಿ ಹಾಕಬೇಕಿತ್ತು. ಅಕ್ಷರ ಬಾರದವರು ಒಂದು ಶಿಲುಬೆ ಗುರುತು ಎಳೆಯುತ್ತಿದ್ದರು, ಅದರ ಸುತ್ತ ಬೇರೆಯವರು ಹೆಸರು ಬರೆದುಕೊಡುತ್ತಿದ್ದರು. ತಾಯಿಯ ಮದುವೆಯಲ್ಲಿ ಬರೀ ಗುರುತು, ಮಗಳ ಮದುವೆಯಲ್ಲಿ ಪೂರ್ತಿ ಹೆಸರು! ಅಂಥ ಎರಡು ಪುಟ ಸಿಕ್ಕರೆ ಅವುಗಳ ಮೇಲೆ ಒಂದು ಅಧ್ಯಾಯವನ್ನೇ ಬರೆ. ನನ್ನ ಮಟ್ಟಿಗೆ ಗೋಪುರ ಕಟ್ಟಿದ್ದಕ್ಕಿಂತ ಅದು ದೊಡ್ಡ ಸಂಗತಿ.

ತಾರೀಖಿನ ವಿಷಯದಲ್ಲಿ ಎಚ್ಚರ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. 1720ರ ಮೇನಲ್ಲಿ ಮದುವೆ, 1720ರ ಫೆಬ್ರವರಿಯಲ್ಲಿ ಮಗುವಿನ ದೀಕ್ಷಾಸ್ನಾನ ಎಂದಿದ್ದರೆ ಆ ತಾಯಿಯ ಮೇಲೆ ಅಪವಾದ ಹೊರಿಸಬೇಡ. ನಮ್ಮ ಲೆಕ್ಕಕ್ಕೆ ಅದು 1721ರ ಫೆಬ್ರವರಿ.

ಜಗಳಗಳನ್ನೂ ಮುಚ್ಚಿಡಬೇಡ. ಸಭೆ ಒಡೆದದ್ದು, ಒಂದು ಮನೆತನದ ಹೆಸರು ಇದ್ದಕ್ಕಿದ್ದಂತೆ ಪುಸ್ತಕದಿಂದ ಮಾಯವಾದದ್ದು, ಊರು ಬಿಟ್ಟು ಪಟ್ಟಣ ಸೇರಿದವರು, ಎಲ್ಲವೂ ಬರಲಿ. ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸುಗಳು ಎಷ್ಟೋ ಪುಸ್ತಕಗಳಲ್ಲಿ ಇಲ್ಲವೇ ಇಲ್ಲ. ಅದನ್ನು ಓದುಗರಿಗೆ ಹೇಳು.

ಲೆಕ್ಕದ ಪುಸ್ತಕ ಬಿಡಬೇಡ. ಗಂಟೆ ಬಾರಿಸಿದವನ, ಕಸ ಗುಡಿಸಿದವಳ ಕೂಲಿ ಅದರಲ್ಲಿರುತ್ತದೆ, ಹಲವು ಸಲ ಹೆಸರಿಲ್ಲದೆ. ಆ ಹೆಸರುಗಳನ್ನು ವಯಸ್ಸಾದವರ ಹತ್ತಿರ ಕೂತು ಕೇಳು, ಈ ವಾರವೇ ಹೋಗು. ಮುಂದಿನ ಕರಡಿನಲ್ಲಿ ಪಾಲಕರ ಪಟ್ಟಿಯನ್ನು ಕೊನೆಗೆ ಹಾಕು.

ನಿನ್ನ ಪ್ರೀತಿಯ,
ಅಪ್ಪ