ಶನಿವಾರ ಅಡ್ವಾನ್ಸ್ ಕೊಡಬೇಡ, ಮಗಳೇ

ಹಾಸನ
ಮಂಗಳವಾರ ರಾತ್ರಿ

ಪುಟ್ಟಿ,

ಭಾನುವಾರ ಫೋನಿನಲ್ಲಿ ನಾನು ಜೋರು ಮಾಡಿದೆ. ನೀನೂ ಮಾಡಿದೆ. ಫೋನ್ ಇಟ್ಟ ಮೇಲೆ ನಿಮ್ಮಮ್ಮ ರಾತ್ರಿ ಊಟದವರೆಗೂ ನನ್ನ ಹತ್ತಿರ ಮಾತು ಬಿಟ್ಟಳು. ಅಮೆರಿಕದ ಮನೆ ಮಾರಿ, ಟ್ರಕ್ಕಿಗೆ ಕಟ್ಟಿ ಎಳೆಯುವ ಟ್ರೇಲರ್ ಮನೆಯಲ್ಲೇ ಇರುತ್ತೇವೆ ಅಂದಿರಿ. ಮನೆ ಮಾರಬೇಡಿ ಅಂತ ಅಪ್ಪ ಅಡ್ಡ ಬಂದರು ಅಂತ ನೀನು ಅಂದುಕೊಂಡಿದ್ದೀಯ. ನಾನು ಹಾಗೆ ಹೇಳಲಿಲ್ಲ. ಮನೆ ನಿಮ್ಮದು. ಇಟ್ಟುಕೊಳ್ಳುವುದೂ ಬಿಡುವುದೂ ನಿಮ್ಮಿಬ್ಬರಿಗೆ ಸೇರಿದ್ದು. ನವೆಂಬರಿನಲ್ಲಿ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಈ ಗೋಡೆಗಳ ಮಧ್ಯೆ ಇನ್ನು ಇರಲಾರೆ ಅಂದೆ. ಸರಿ ಮಗಳೇ. ಅದರ ಬಗ್ಗೆ ಇಲ್ಲಿ ಒಂದಕ್ಷರ ಬರೆಯುವುದಿಲ್ಲ.

ನಾನು ಕೂಗಾಡಿದ್ದು ಗಾಡಿಯ ವಿಷಯಕ್ಕೆ. ಕೂಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಆದರೆ ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎದುರುಮನೆ ಹುಡುಗ ಇದನ್ನು ಫೋಟೋ ಹೊಡೆದು ವಾಟ್ಸಾಪಿನಲ್ಲಿ ಹಾಕುತ್ತಾನೆ. ಶನಿವಾರ ಅಡ್ವಾನ್ಸ್ ಕೊಡುವ ಮೊದಲು ಓದು. ಅಳಿಯಂದಿರಿಗೂ ಓದಿ ಹೇಳು.

ನೀನು ಕಳಿಸಿದ ಫೋಟೋ ಎಲ್ಲ ದೊಡ್ಡದು ಮಾಡಿ ನೋಡಿದೆ. 38 ಅಡಿಯ ಫಿಫ್ತ್ ವೀಲ್ ಟ್ರೇಲರ್. ಒಳಗೆ ಅಡುಗೆಮನೆ, ಮೇಲಕ್ಕೆ ಮಲಗುವ ಕೋಣೆ, ಹಿಂದೆ ನಿಮ್ಮಿಬ್ಬರ ಆಫೀಸಿಗೆ ಒಂದು ಕೋಣೆ. ಚೆನ್ನಾಗಿದೆ. ಅದನ್ನು ಎಳೆಯಲು 2500 ನಂಬರಿನ ಡೀಸೆಲ್ ಪಿಕಪ್. ಸೇಲ್ಸಿನವನು ‘ಆರಾಮಾಗಿ ಎಳೆಯುತ್ತೆ’ ಅಂದನಂತೆ. ಎಳೆಯುತ್ತೆ. ಆ 6.7 ಲೀಟರ್ ಕಮ್ಮಿನ್ಸ್ ಇಂಜಿನ್ನಿನ ಬಗ್ಗೆ ನನಗೆ ಅನುಮಾನ ಇಲ್ಲ. ನಾನು ಕೇಳಿದ್ದು ಬೇರೆ. ಬೆನ್ನ ಮೇಲೆ ಎಷ್ಟು ಹೊರುತ್ತೆ? ಇಳಿಜಾರಿನಲ್ಲಿ ಎಷ್ಟು ತಡೆಯುತ್ತೆ? ಅದನ್ನು ಅವನೂ ಹೇಳಲಿಲ್ಲ, ನೀವೂ ಕೇಳಲಿಲ್ಲ.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಅಂಚಿನ ಒಂದು ಚೀಟಿ ಇರುತ್ತೆ. ನೀನೇ ಕಳಿಸಿದ್ದೀಯ. ಜನ, ಸಾಮಾನು ಎಲ್ಲ ಸೇರಿ 2,050 ಪೌಂಡ್ ಮೀರಬಾರದು ಅಂತ ಅದರಲ್ಲಿದೆ. ಅಂದರೆ 930 ಕೆಜಿ. ಒಂಬತ್ತು ಕ್ವಿಂಟಾಲ್ ಚಿಲ್ಲರೆ, ಅಷ್ಟೇ. ನಮ್ಮ ಕಡೆ ಇದನ್ನು ಪಾಸಿಂಗ್ ಅನ್ನುತ್ತೇವೆ.

ಈಗ ಟ್ರೇಲರ್ ನೋಡು. ತುಂಬಿದಾಗ ಅದರ ಗರಿಷ್ಠ ತೂಕ 14,500 ಪೌಂಡ್, ಆರೂವರೆ ಟನ್. ಫಿಫ್ತ್ ವೀಲನ್ನು ಹಿಂದಿನ ಬಂಪರಿನ ಕೊಕ್ಕೆಗೆ ಸಿಕ್ಕಿಸುವುದಿಲ್ಲ. ಅದರ ಮೂತಿ ಪಿಕಪ್ಪಿನ ತೊಟ್ಟಿಯ ಒಳಗೆ ಬಂದು, ಮೂತಿಯ ಕೆಳಗಿನ ದಪ್ಪ ಪಿನ್ ಹಿಂದಿನ ಆಕ್ಸಲ್ ಮೇಲಿನ ಪ್ಲೇಟಿನಲ್ಲಿ ಕೂರುತ್ತೆ. ಅದರಿಂದ ಗಾಳಿಗೆ ಓಲಾಡುವುದು ಕಡಿಮೆ, ಅದು ಒಳ್ಳೆಯದೇ. ಆದರೆ ಟ್ರೇಲರಿನ ತೂಕದಲ್ಲಿ ಐದನೇ ಒಂದು ಪಾಲು, ಕೆಲವು ಸಲ ಕಾಲು ಭಾಗ, ಆ ಪಿನ್ನಿನ ಮೂಲಕ ಟ್ರಕ್ಕಿನ ಬೆನ್ನ ಮೇಲೆ ಬೀಳುತ್ತೆ. ಐದನೇ ಒಂದು ಪಾಲು ಅಂತಲೇ ಇಟ್ಟುಕೋ. 13 ಕ್ವಿಂಟಾಲ್! ಅದರ ಮೇಲೆ ಆ ಪ್ಲೇಟಿನ ತೂಕ, ನೀವಿಬ್ಬರು, ನಾಯಿ, ಟೂಲ್ಸ್ ಪೆಟ್ಟಿಗೆ. ಒಂಬತ್ತು ಹೊರುವ ಗಾಡಿಗೆ ಹದಿನೈದರ ಮೇಲೆ ಹೇರಿದ ಹಾಗಾಯಿತು.

ಬ್ರೋಷರಿನಲ್ಲಿ ಪಿನ್ ತೂಕ ಕಡಿಮೆ ಇದೆಯಲ್ಲಪ್ಪಾ ಅಂತ ನೀನು ಅಂದೆ. ಅದು ಖಾಲಿ ಟ್ರೇಲರಿನ ತೂಕ. ನೀವು ವೀಕೆಂಡಿಗೆ ಹೋಗುವವರಲ್ಲ, ವರ್ಷಪೂರ್ತಿ ಅದರಲ್ಲೇ ಇರುವವರು. ಅಕ್ಕಿ ಮೂಟೆ ಬರುತ್ತೆ, ಗ್ರೈಂಡರ್ ಬರುತ್ತೆ, ನಿನ್ನ ಪುಸ್ತಕ ಬರುತ್ತೆ, ಚಳಿಗಾಲದ ಬಟ್ಟೆ ಬರುತ್ತೆ. 60 ಗ್ಯಾಲನ್ನಿನ ಟ್ಯಾಂಕಿಗೆ ನೀರು ತುಂಬಿದರೆ ಅದೊಂದೇ 227 ಕೆಜಿ. ಬಟ್ಟೆ ಬೀರು ಎಲ್ಲಿದೆ ನೋಡು. ಮುಂದೆ, ಮೂತಿಯ ಕಡೆಗೆ. ಅದರ ಕೆಳಗಿನ ಡಿಕ್ಕಿಯಲ್ಲೇ ಬ್ಯಾಟರಿ, ಜನರೇಟರ್, ಗ್ಯಾಸ್ ಸಿಲಿಂಡರ್ ಎಲ್ಲ ತುಂಬುತ್ತೀರಿ. ಎಲ್ಲವೂ ಪಿನ್ನಿನ ಮೇಲೇ ಬೀಳುವುದು.

ಸ್ವಲ್ಪ ಜಾಸ್ತಿ ಹಾಕಿದರೆ ಏನಾಗುತ್ತಪ್ಪಾ, ಎಲ್ಲರೂ ಹಾಕುತ್ತಾರೆ ಅಂದೆಯಲ್ಲ. ಆ ಮಾತಿಗೇ ನನಗೆ ತಲೆ ಕೆಟ್ಟಿದ್ದು.

ನಿನಗೆ ಒಂದು ವಿಷಯ ನಾನು ಯಾವತ್ತೂ ಪೂರ್ತಿ ಹೇಳಿಲ್ಲ. ನಿಮ್ಮಮ್ಮನಿಗೆ ಗೊತ್ತಾಗಿದ್ದರೆ ನನ್ನನ್ನು ಲಾರಿ ಹತ್ತಲು ಬಿಡುತ್ತಿರಲಿಲ್ಲ, ಅದಕ್ಕೆ. ನಾನು ಆಗಿನ್ನೂ ಕ್ಲೀನರ್. ಮೀಸೆ ಸರಿಯಾಗಿ ಬಂದಿರಲಿಲ್ಲ. ಸಕಲೇಶಪುರದಲ್ಲಿ ಕಾಫಿ ಮೂಟೆ ತುಂಬಿಕೊಂಡು ಮಂಗಳೂರಿಗೆ ಹೊರಟಿದ್ದೆವು. ಪಾಸಿಂಗ್ ಒಂಬತ್ತು ಟನ್, ಹೇರಿದ್ದು ಹನ್ನೆರಡು. ಎಲ್ಲರೂ ಹಾಗೇ ಹೇರುತ್ತಿದ್ದರು. ಶಿರಾಡಿ ಘಾಟಿ ಇಳಿಯುವಾಗ ಡ್ರೈವರ್ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿದರು. ಡೀಸೆಲ್ ಉಳಿಯುತ್ತೆ, ಉಳಿದ ಡೀಸೆಲ್ಲಿಗೆ ನಾಲ್ಕು ಕಾಸು. ಒಳ್ಳೆಯ ಮನುಷ್ಯ, ನನಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದೂ ಅವರೇ.

ಮೊದಲು ಬಂದದ್ದು ವಾಸನೆ. ಬ್ರೇಕ್ ಲೈನರ್ ಸುಟ್ಟ ವಾಸನೆ. ಅದು ರಬ್ಬರಿನ ವಾಸನೆಯಲ್ಲ, ಬಟ್ಟೆ ಸುಟ್ಟದ್ದೂ ಅಲ್ಲ. ಗಂಟಲಿಗೆ ಹಿಡಿಯುತ್ತೆ. ನಾನು ಹೇಳಿದೆ, ಅವರು ‘ಹ್ಞೂಂ’ ಅಂದರು. ಮಾರನಹಳ್ಳಿ ಕಳೆದು ಒಂದು ತಿರುವು ಆದ ಮೇಲೆ ಪೆಡಲ್ ತುಳಿದರೆ ಲಾರಿ ಕೇಳಲೇ ಇಲ್ಲ. ಚಕ್ರದ ಬ್ರೇಕ್ ಡ್ರಮ್ ಕಾದು ಕೆಂಡವಾದರೆ ಲೈನರ್ ಹಿಡಿಯುವುದಿಲ್ಲ, ಎಷ್ಟು ತುಳಿದರೂ ಅಷ್ಟೇ. ವಾಪಸ್ ಗೇರಿಗೆ ಹಾಕಲು ನೋಡಿದರು. ಆ ಸ್ಪೀಡಿನಲ್ಲಿ ಗೇರ್ ಕೂರುತ್ತಾ? ಕಟಕಟ ಅಂತ ಹಲ್ಲು ಉಜ್ಜಿದ ಸದ್ದು ಮಾತ್ರ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ಕೆಂಪುಹೊಳೆ. ಚಕ್ರಕ್ಕೆ ಕೊಡುವ ಮರದ ಕಟ್ಟೆ ಹಿಡಿದುಕೊಂಡು ನಾನು ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತಿದ್ದೆ. ಓಡುವ ಲಾರಿಯ ಚಕ್ರಕ್ಕೆ ಕಟ್ಟೆ ಕೊಡಲು ಯಾರಿಂದ ಆಗುತ್ತೆ? ಆದರೆ ಕ್ಲೀನರಿನ ಕೆಲಸ ಅದು, ನಿಂತಿದ್ದೆ.

ಅವರು ಲಾರಿಯನ್ನು ಗುಡ್ಡಕ್ಕೆ ಕೊಟ್ಟರು. ಮಣ್ಣಿಗೆ ಉಜ್ಜಿಕೊಂಡು ಉಜ್ಜಿಕೊಂಡು ಹೋಗಿ ನಿಂತಿತು. ಮೂಟೆ ಒಡೆದು ರಸ್ತೆ ತುಂಬ ಕಾಫಿ ಬೀಜ. ನಾನು ಬಕೆಟ್ ತೆಗೆದುಕೊಂಡು ನೀರಿಗೆ ಓಡಿದೆ. ‘ನೀರು ಹಾಕಬೇಡ, ಡ್ರಮ್ ಸೀಳುತ್ತೆ’ ಅಂತ ಕೂಗಿದರು. ಅಷ್ಟು ಹೊತ್ತಿನಲ್ಲೂ ಅವರಿಗೆ ಅದು ನೆನಪಿತ್ತು. ಆಮೇಲೆ ರಸ್ತೆಯಲ್ಲೇ ಕೂತರು. ಬೀಡಿ ಹಚ್ಚಲು ಹೋದರೆ ಕಡ್ಡಿ ಗೀರಲು ಆಗುತ್ತಿಲ್ಲ, ಕೈ ಅಷ್ಟು ನಡುಗುತ್ತಿತ್ತು. ನಾನೇ ಗೀರಿ ಕೊಟ್ಟೆ.

ಆ ಮೂರು ಟನ್ ಜಾಸ್ತಿ ಇಲ್ಲದಿದ್ದರೆ ಬ್ರೇಕ್ ಹಿಡಿಯುತ್ತಿತ್ತೋ ಏನೋ. ಗೇರಿನಲ್ಲಿ ಇಳಿದಿದ್ದರೆ ಖಂಡಿತ ಹಿಡಿಯುತ್ತಿತ್ತು. ಎರಡೂ ಸೇರಿದ್ದರಿಂದ ಹಾಗಾಯಿತು. ಆಮೇಲೆ ನಾನು ಡ್ರೈವರ್ ಆಗಿ ಎಷ್ಟು ವರ್ಷ ಅದೇ ಘಾಟಿ ಇಳಿದೆ, ಹತ್ತುವ ಗೇರಿನಲ್ಲೇ ಇಳಿದೆ. ಮಾಲೀಕರು ಡೀಸೆಲ್ ಲೆಕ್ಕ ಕೇಳಿದರೂ ಸರಿ. ಈಗಲೂ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗುವಾಗ ಆ ವಾಸನೆ ಬಂದರೆ ಎದ್ದು ಡ್ರೈವರಿಗೆ ಹೇಳುತ್ತೇನೆ. ನಿಮ್ಮಮ್ಮ ಶರ್ಟ್ ಎಳೆದು ಕೂರಿಸುತ್ತಾಳೆ. ಅದು ಯಾವ ಗಾಡಿಯಿಂದ ಬಂತು ಅಂತ ನೋಡುವವರೆಗೆ ನನಗೆ ಕೂರಲು ಆಗುವುದಿಲ್ಲ.

ನೀವು ಜೂನಿನಲ್ಲಿ ಕೊಲರಾಡೊಗೆ ಹೋಗುತ್ತೇವೆ ಅಂದಿರಿ. ಮ್ಯಾಪ್ ನೋಡಿದೆ. ಡೆನ್ವರಿನಿಂದ ಪಶ್ಚಿಮಕ್ಕೆ ಐ-70. ಐಸನ್‌ಹೋವರ್ ಸುರಂಗ 11,158 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 6,330 ಅಡಿ. ಸುರಂಗ ದಾಟಿದ ಮೇಲೆ ಸಿಲ್ವರ್‌ಥಾರ್ನ್ ಊರಿನವರೆಗೆ ಇಳಿಜಾರು, 100 ಅಡಿ ಮುಂದೆ ಹೋದರೆ ಸುಮಾರು 7 ಅಡಿ ಕೆಳಗೆ. ಬ್ರೇಕ್ ಹೋದ ಲಾರಿಗಳು ಹತ್ತಿ ನಿಲ್ಲಲಿ ಅಂತ ಪಕ್ಕದಲ್ಲಿ ಜಲ್ಲಿ ಹಾಕಿದ ಏರುದಾರಿ ಮಾಡಿದ್ದಾರೆ. ಸುಮ್ನೆ ಮಾಡಿರುತ್ತಾರಾ? ಆ ಇಳಿಜಾರಿನಲ್ಲಿ ನೀನು ಆರೂವರೆ ಟನ್ ಬೆನ್ನಿಗೆ ಕಟ್ಟಿಕೊಂಡು ಇಳಿಯುವುದನ್ನು ನೆನೆಸಿಕೊಂಡರೆ ನನಗೆ ರಾತ್ರಿ ಅದೇ ವಾಸನೆ ಬರುತ್ತೆ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀಯ. ಮೊದಲು ಮನೆ ಆರಿಸಿ, ಆಮೇಲೆ ಗಾಡಿ. ಲೋಡು ಎಷ್ಟು ಅಂತ ಗೊತ್ತಿಲ್ಲದೆ ಯಾರಾದರೂ ಲಾರಿ ಕಟ್ಟುತ್ತಾರಾ? ನಿಮಗೆ ಆ 38 ಅಡಿಯೇ ಬೇಕು, ಎರಡು ಮೀಟಿಂಗ್ ಒಂದೇ ಕೋಣೆಯಲ್ಲಿ ನಡೆಯುವುದಿಲ್ಲ ಅಂದರೆ ಒಪ್ಪಿದೆ. ಆಗ 3500 ನಂಬರಿನ ಟ್ರಕ್ ತೆಗೆದುಕೊಳ್ಳಿ, ಅದೂ ಹಿಂದೆ ನಾಲ್ಕು ಚಕ್ರದ್ದು, ಡೂಯಲಿ ಅನ್ನುತ್ತಾರಲ್ಲ ಅದು. ಅದರ ಚೀಟಿಯಲ್ಲಿ 5,000 ಪೌಂಡಿನ ಆಸುಪಾಸು ಇರುತ್ತೆ. ಆದರೆ ಮಾಡೆಲ್ ನೋಡಿ ನಂಬಬೇಡ. ಒಂದೇ ಮಾಡೆಲ್ಲಿನಲ್ಲೂ ಸೀಟು, ಸನ್‌ರೂಫು ಅಂತ ಸೇರಿಸಿದಷ್ಟೂ ಹೊರುವ ಲೆಕ್ಕ ಇಳಿಯುತ್ತೆ. ನೀವು ಕೊಳ್ಳುವ ಅದೇ ಟ್ರಕ್ಕಿನ ಬಾಗಿಲು ತೆಗೆದು ಅದೇ ಚೀಟಿ ಓದು.

ಇಲ್ಲ, 2500 ಒಳ್ಳೆ ರೇಟಿಗೆ ಸಿಕ್ಕಿದೆ, ಬಿಡಲು ಮನಸ್ಸಿಲ್ಲ ಅಂದರೆ ಟ್ರೇಲರ್ ಸಣ್ಣದು ಮಾಡಿ. 28 ಅಡಿಯ, ಹಿಂದೆ ಕೊಕ್ಕೆಗೆ ಕಟ್ಟುವ ಟ್ರೇಲರ್, ತುಂಬಿದಾಗ 8,500 ಪೌಂಡ್ ಒಳಗಿನದು. ಅದರಲ್ಲಿ ಕೊಕ್ಕೆ ಮೇಲೆ ಬೀಳುವುದು 10ರಿಂದ 15 ಪರ್ಸೆಂಟ್. 12 ಅಂತ ಇಟ್ಟುಕೊಂಡರೆ ಸುಮಾರು 460 ಕೆಜಿ. ತೂಕ ಮುಂದಿನ ಚಕ್ರಕ್ಕೂ ಹಂಚುವ ಹಿಚ್ ಹಾಕಿಸಿಕೊಂಡರೆ, ನೀವಿಬ್ಬರು, ನಾಯಿ ಎಲ್ಲ ಸೇರಿಯೂ 930ರ ಒಳಗೇ ನಿಲ್ಲುತ್ತೆ. ನನ್ನನ್ನು ಕೇಳಿದರೆ ಇದೇ ಸರಿ. ಅಲ್ಲಿನ ನ್ಯಾಷನಲ್ ಪಾರ್ಕುಗಳಲ್ಲಿ ಎಷ್ಟೋ ಕ್ಯಾಂಪ್‌ಗ್ರೌಂಡುಗಳು ಹಳೆಯವು, 38 ಅಡಿಗೆ ಜಾಗವೇ ಸಿಗುವುದಿಲ್ಲ. ಕಾಡು ನೋಡಬೇಕು ಅಂತ ಹೊರಟವರು ಊರ ಹೊರಗಿನ ಪಾರ್ಕಿಂಗಿನಲ್ಲಿ ಮಲಗಬೇಕಾ?

ಟ್ರೇಲರಿಗೆ ಅದರದೇ ಬ್ರೇಕ್ ಇರುತ್ತೆ, ಕರೆಂಟಿನದು. ಅದು ಹಿಡಿಯುತ್ತಾ ಅಂತ ಪ್ರತಿ ಸಲ ಹೊರಡುವ ಮೊದಲು ನಿಧಾನ ಓಡಿಸಿ, ಟ್ರೇಲರ್ ಬ್ರೇಕ್ ಒಂದನ್ನೇ ಕೈಯಲ್ಲಿ ಒತ್ತಿ ನೋಡು. ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಯುವ ಒಂದು ತಂತಿ ಇರುತ್ತೆ, ಅದನ್ನು ಸಿಕ್ಕಿಸುವುದು ಮರೆಯಬೇಡ. ಡೀಸೆಲ್ ಟ್ರಕ್ಕಿಗೆ ಎಕ್ಸಾಸ್ಟ್ ಬ್ರೇಕ್ ಇದೆ, ಇಂಜಿನ್ನಿನ ಹೊಗೆ ತಡೆದು ಗಾಡಿ ನಿಧಾನ ಮಾಡುವಂಥದ್ದು. ಇಳಿಜಾರು ಶುರುವಾಗುವ ಮೊದಲೇ ಹಾಕು, ಸ್ಪೀಡ್ ಏರಿದ ಮೇಲಲ್ಲ. ಟೈರಿನ ಪಕ್ಕದಲ್ಲಿ ಡಾಟ್ (DOT) ನಂಬರಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. 2322 ಅಂತಿದ್ದರೆ 2022ನೇ ಇಸವಿಯ 23ನೇ ವಾರದಲ್ಲಿ ಆದ ಟೈರು. ನಿಂತಲ್ಲೇ ನಿಂತ ಟ್ರೇಲರಿನ ಟೈರು ಹೂವು ಸವೆಯದಿದ್ದರೂ ಹಳತಾಗುತ್ತೆ, ಮೋಸ ಹೋಗಬೇಡಿ.

ಮತ್ತೆ ತೂಕ ಹಾಕಿಸುವುದು. ಅಲ್ಲಿ ಲಾರಿಗಳು ನಿಲ್ಲುವ ಬಂಕುಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಇರುತ್ತೆ, ನಮ್ಮ ವೇಬ್ರಿಡ್ಜೇ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್, ಮೂರಕ್ಕೂ ಬೇರೆ ಬೇರೆ ತೂಕ ಕೊಡುತ್ತೆ. ಎಲ್ಲ ಸಾಮಾನು ತುಂಬಿ, ನೀರೂ ತುಂಬಿ ಒಂದು ಸಲ. ಟ್ರೇಲರ್ ಬಿಚ್ಚಿ ಟ್ರಕ್ ಒಂದೇ ಇನ್ನೊಂದು ಸಲ. ಟ್ರಕ್ಕಿನ ತೂಕದಲ್ಲಿ ಬರುವ ವ್ಯತ್ಯಾಸವೇ ಪಿನ್ ತೂಕ. ಯಾವ ಸೇಲ್ಸಿನವನ ಮಾತೂ ಬೇಕಾಗಿಲ್ಲ.

ಇಷ್ಟೆಲ್ಲ ಬರೆದು ನಿನಗೆ ಪಾಠ ಮಾಡಿದ ಹಾಗಾಯಿತೇನೋ. ನೀನು ಓದಿದವಳು, ನನಗಿಂತ ಲೆಕ್ಕ ಗೊತ್ತಿರುವವಳು. ಆದರೂ ಇನ್ನೆರಡು ಮಾತು. ಕೆಲವು ಟ್ರೇಲರ್ ಕಂಪನಿಗಳು ಅದರಲ್ಲೇ ವಾಸ ಮಾಡಿದರೆ ವಾರಂಟಿ ಕೊಡುವುದಿಲ್ಲ, ಇನ್ಶೂರೆನ್ಸೂ ಬೇರೆ ಮಾಡಿಸಬೇಕು. ಸಹಿ ಹಾಕುವ ಮೊದಲು ಸಣ್ಣ ಅಕ್ಷರದಲ್ಲಿ ಇರುವುದನ್ನೂ ಓದು. ಇನ್ನೊಂದು, ಟೆಕ್ಸಸ್‌ನಲ್ಲಿ ಟ್ರಕ್, ಟ್ರೇಲರ್ ಸೇರಿ 26,000 ಪೌಂಡ್ ದಾಟಿ, ಟ್ರೇಲರ್ 10,000ದ ಮೇಲಿದ್ದರೆ ಕ್ಲಾಸ್ ಎ ಲೈಸೆನ್ಸ್ ಬೇಕು, ನಮ್ಮ ಹೆವಿ ಲೈಸೆನ್ಸಿನ ಹಾಗೆ. ಡೂಯಲಿಗೆ ಆ 38 ಅಡಿ ಕಟ್ಟಿದರೆ ದಾಟುತ್ತೆ.

ಆ ಲೈಸೆನ್ಸ್ ನೀನೂ ಮಾಡಿಸು. ಅಳಿಯಂದಿರು ಒಬ್ಬರೇ ಓಡಿಸುತ್ತಾರೆ ಅಂತ ಬಿಡಬೇಡ. ಈ ಕೇರಿಯಲ್ಲಿ ಹೆವಿ ಲೈಸೆನ್ಸ್ ಇದ್ದವನು ನಾನೊಬ್ಬನೇ ಆಗಿದ್ದೆ. ನನ್ನ ಮಗಳ ಹತ್ತಿರವೂ ಇದೆ ಅಂತ ಹೇಳಿಕೊಳ್ಳುವುದು ನನಗೆ ಎಷ್ಟು ದೊಡ್ಡದು ಅಂತ ನಿನಗೆ ಗೊತ್ತಿಲ್ಲ. ನಿನ್ನ ಇಂಜಿನಿಯರಿಂಗ್ ಸರ್ಟಿಫಿಕೇಟ್ ಗೋಡೆ ಮೇಲಿದೆ. ಅದರ ಪಕ್ಕ ಜಾಗ ಇದೆ.

ನಿಮ್ಮಮ್ಮ ಈಗಷ್ಟೇ ಬಂದು ಕೇಳಿದಳು, ಮನೆಯೇ ಇಲ್ಲದವರಿಗೆ ಚಟ್ನಿಪುಡಿ ಯಾವ ವಿಳಾಸಕ್ಕೆ ಕಳಿಸುವುದು ಅಂತ. ಟೆಕ್ಸಸ್‌ನ ಲಿವಿಂಗ್‌ಸ್ಟನ್ ಊರಿನಲ್ಲಿ ನಿಮ್ಮಂಥವರ ಟಪಾಲು ತೆಗೆದುಕೊಂಡು ಎಲ್ಲಿದ್ದಾರೋ ಅಲ್ಲಿಗೆ ಕಳಿಸುವ ವ್ಯವಸ್ಥೆ ಇದೆ ಅಂತ ಹೋದ ವಾರ ನೀನೇ ಹೇಳಿದೆ. ಅದನ್ನು ಮಾಡಿಸಿ ವಿಳಾಸ ಬರೆದು ಹಾಕು. ಅವಳು ಎರಡು ಕೆಜಿ ಹುರಿದಿಟ್ಟಿದ್ದಾಳೆ.

ಶನಿವಾರ ಅಡ್ವಾನ್ಸ್ ಕೊಡಬೇಡ. ಸೋಮವಾರ ಕೊಟ್ಟರೆ ಟ್ರಕ್ ಓಡಿಹೋಗುವುದಿಲ್ಲ. ಶುಕ್ರವಾರ ನಿಮಗೆ ಬೆಳಿಗ್ಗೆ ಆದಾಗ ಫೋನ್ ಮಾಡುತ್ತೇನೆ. ಚೀಟಿಯ ಫೋಟೋ, ಟ್ರೇಲರ್ ಬಾಗಿಲಿನ ಫೋಟೋ ಎರಡೂ ಎದುರಿಗೆ ಇಟ್ಟುಕೊಂಡು ಕೂತಿರು, ಕಾಗದ ಪೆನ್ನು ತೆಗೆದುಕೋ.

ನಿನ್ನ
ಅಪ್ಪ