ಬೆಟ್ಟ ಅಗೆದಾಗ ಸಿಗುವ ಇಲಿಯ ಪರವಾಗಿ: ಗಣಿ ಮತ್ತು ಭೂವಿಜ್ಞಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬೆಟ್ಟ ಅಗೆದು ಇಲಿ ಹಿಡಿದರೆಂದು ನಗುವುದು ರೂಢಿ. ಆ ಇಲಿ ಕೋಟ್ಯಂತರ ವರ್ಷ ಹಳೆಯ ಪಳೆಯುಳಿಕೆಯಾಗಿದ್ದರೆ ನಗುವ ಮುನ್ನ ಯಂತ್ರ ನಿಲ್ಲಿಸಬೇಕು. ನನ್ನ ಕೋರಿಕೆ ಅಷ್ಟೇ.

ಬಯಲಿನಲ್ಲಿ ಸತ್ತ ಸಣ್ಣ ಪ್ರಾಣಿಯ ಗುರುತು ಉಳಿಯುವುದು ಅಪರೂಪ. ನರಿ, ಹದ್ದು, ಇರುವೆ, ಬಿಸಿಲು ಸೇರಿ ಕಡ್ಡಿಯಂಥ ಮೂಳೆಗಳನ್ನು ಬೇಗನೆ ಇಲ್ಲವಾಗಿಸುತ್ತವೆ. ಬಿಲದೊಳಗೆ ಸತ್ತದ್ದಕ್ಕೆ ಗೋರಿ ಮೊದಲೇ ತೋಡಿಟ್ಟಂತೆ. ನೆರೆಯ ಕೆಸರು ನುಗ್ಗಿ ತುಂಬಿದರೆ ಮಲಗಿದ ಭಂಗಿಯೂ ಕೆಡದೆ ಉಳಿಯಬಹುದು. ಆ ಕೆಸರು ಸುತ್ತಲಿನ ಕಲ್ಲಿಗಿಂತ ಗಟ್ಟಿಯಾದರೆ ಬಿಲವೇ ಎರಕ ಹೊಯ್ದಂತೆ ನಿಲ್ಲುತ್ತದೆ.

ಅಮೆರಿಕದ ನೆಬ್ರಾಸ್ಕದಲ್ಲಿ ಹೀಗೆ ನಿಂತ ಆಳೆತ್ತರದ ಸುರುಳಿಗಳನ್ನು ವಿದ್ವಾಂಸರೊಬ್ಬರು 1890ರ ದಶಕದಲ್ಲಿ ಮೊದಲು ಸ್ಪಂಜೆಂಬ ಜಲಜೀವಿಯೆಂದರು, ಆಮೇಲೆ ಸಸ್ಯವೆಂದರು. ಒಳಗಿದ್ದದ್ದು ಪೇಲಿಯೋಕ್ಯಾಸ್ಟರ್ ಎಂಬ, ಇಲಿಯ ಬಳಗದ ಪುಟ್ಟ ಬೀವರಿನ ಮೂಳೆ. ಗೋಡೆಯ ಗೀರುಗಳೂ ಅದರ ಬಾಚಿಹಲ್ಲಿನವೇ.

ಹಾಗೆಂದು ಬಿಲದಲ್ಲಿರುವ ಮೂಳೆಯೆಲ್ಲ ಅದನ್ನು ತೋಡಿದವರದೇ ಎನ್ನುವಂತಿಲ್ಲ. ಬೇಟೆಗಾರ ಪ್ರಾಣಿ ತಿಂದುಳಿಸಿದ್ದಿರಬಹುದು, ನೀರು ಹೊತ್ತು ತಂದದ್ದಿರಬಹುದು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿದಂತೆ, ಪರರ ಮನೆ ಹೊಕ್ಕವೂ ಉಂಟು. ದಕ್ಷಿಣ ಆಫ್ರಿಕಾದ ಕರೂ ಪ್ರದೇಶದ, ಸುಮಾರು 25 ಕೋಟಿ ವರ್ಷ ಹಳೆಯ ಬಿಲವೊಂದನ್ನು ಒಡೆಯದೆಯೇ ಪ್ರಬಲ ಎಕ್ಸ್‌ರೇಯಿಂದ ನೋಡಿದರು. ಒಳಗೆ ಸಸ್ತನಿಗಳ ಹತ್ತಿರದ ಬಂಧು ಥ್ರಿನಾಕ್ಸೋಡಾನ್, ಮಗ್ಗುಲಲ್ಲೇ ಬ್ರೂಮಿಸ್ಟೆಗಾ ಎಂಬ ಉಭಯವಾಸಿ! ಉಭಯವಾಸಿಯ ಪಕ್ಕೆಲುಬುಗಳು ಮುರಿದು ಕೂಡುತ್ತಿದ್ದವು. ಮನೆಯ ಒಡೆಯ ಬರಗಾಲದ ದೀರ್ಘನಿದ್ರೆಯಲ್ಲಿದ್ದುದರಿಂದ ಗಾಯಾಳುವಿಗೆ ಜಾಗ ಸಿಕ್ಕಿತೆಂದು 2013ರಲ್ಲಿ ಸಂಶೋಧಕರು ಊಹಿಸಿದರು. ಮೂಳೆಯಷ್ಟನ್ನೇ ಉಳಿಯಿಂದ ಕೆತ್ತಿ ತೆಗೆದು ಎರಡು ಪೆಟ್ಟಿಗೆಗೆ ಹಾಕಿದ್ದರೆ ಈ ನೆರೆಹೊರೆಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆದ್ದರಿಂದ ಅಗೆತದ ಪರವಾನಗಿಗೆ ಒಂದು ಷರತ್ತು ಸೇರಿಸಿ. ಕೊರೆದ ಗೋಡೆಯಲ್ಲಿ ಬೇರೆ ಬಣ್ಣದ ಮಣ್ಣು ಕೊಳವೆಯಂತೆ ಇಳಿದಿರುವುದು ಕಂಡರೆ ಅಲ್ಲಿ ಕೆಲಸ ನಿಲ್ಲಲಿ. ಭೂವಿಜ್ಞಾನಿ ಬಂದು ದಿಕ್ಕು, ಆಳ, ಪದರ ಬರೆದುಕೊಂಡ ಮೇಲೆ ಸುತ್ತಲಿನ ಕಲ್ಲಿನ ಸಮೇತ ಗಡ್ಡೆಯನ್ನು ಎತ್ತಲಿ. ಉದುರಿದ ಮಣ್ಣನ್ನೂ ಎಸೆಯುವುದು ಬೇಡ. ಗುಂಡುಸೂಜಿಯ ತಲೆಯಷ್ಟೇ ಇರುವ ಹಲ್ಲುಗಳು ಸಿಗುವುದು ಅದನ್ನು ನೀರಲ್ಲಿ ಜರಡಿ ಹಿಡಿದಾಗಲೇ. ಇನ್ನೊಂದು ಮಾತು: ಕೆಲಸ ನಿಂತ ದಿನದ ಕೂಲಿ ಕಡಿತವಾಗಬಾರದು. ಅಂಥ ಮಣ್ಣನ್ನು ಮೊದಲು ಕಾಣುವವರು ಕಾರ್ಮಿಕರು. ಕೂಲಿ ಹೋಗುವುದಾದರೆ ಅವರು ಬಾಯಿ ಬಿಡುವುದಾದರೂ ಏಕೆ?

ತಮ್ಮ ಉತ್ತರದ ನಿರೀಕ್ಷೆಯಲ್ಲಿ,
ಪಳೆಯುಳಿಕೆಗಳ ಹವ್ಯಾಸಿ ಅಭ್ಯಾಸಿ